ಕೆಂಪು ಕರುವಿನ ಗಿಣ್ಣು

ಐದನೆಯ ಮನೆಯಿಂದಲೂ ಗಿಣ್ಣಿನ ಡಬ್ಬಿ ಮುಚ್ಚಳ ತೆಗೆಯದೆಯೇ ವಾಪಸು ಬಂತು. ಹಸು ಈದಾಗ ಮೊದಲ ಹಾಲಿನ ಗಿಣ್ಣನ್ನು ಅಕ್ಕಪಕ್ಕದವರಿಗೆ ಕೊಡದೆ ಮನೆಯವರು ಬಾಯಿಗೆ ಹಾಕುವಂತಿಲ್ಲ. ಪಂಚನಹಳ್ಳಿಯ ಆ ಬೀದಿಯಲ್ಲಿ ಇದುವರೆಗೆ ಯಾರೂ ಬೇಡವೆಂದದ್ದಿಲ್ಲ.

"ಬೇಜಾರ್ ಮಾಡ್ಕಬ್ಯಾಡ ಕಣೇ ಸ್ಫೂರ್ತಿ," ಎಂದರು ಎದುರುಮನೆಯ ಮೀನಾಕ್ಷಮ್ಮ. "ಮೊಬೈಲಲ್ಲಿ ನೋಡಿದ್ವಿ. ಕ್ಲೋನ್ ಅಂತೆ. ನಮ್ದು ಮಕ್ಳಿರೋ ಮನೆ."

"ಕ್ಲೋನಲ್ಲ ಅಕ್ಕ! ಗೀರ್ ತಳಿ ಭ್ರೂಣಾನ ಡಾಕ್ಟ್ರು ನಮ್ಮ ಹಸಿನ ಗರ್ಭಕ್ಕೆ ಇಟ್ಟಿದ್ರು, ಅಷ್ಟೇ. ಹಾಲು ಕೊಡ್ತಿರೋದು ಕರ ಅಲ್ಲ, ಹಸ. ಮೂರು ವರ್ಷದಿಂದ ನೀವು ಕಾಫಿಗೆ ಹಾಕ್ಕತಿರೋದು ಅದರ ಹಾಲೇ!"

"ಕಪ್ಪು-ಬಿಳಿ ಹಸಿನ ಹೊಟ್ಟೇಲಿ ಕೆಂಪು ಕರ ಹೆಂಗೆ ಬತ್ತದೆ? ಆ ಕಿವಿ ನೋಡು, ಮೇಕೆ ಕಿವಿ ಇದ್ದಂಗವೆ."

ಬೆಳಗಿನಿಂದ ಇದೇ ಮಾತನ್ನು ಐದು ಬಾಗಿಲಲ್ಲಿ ಆಡಿ ಸ್ಫೂರ್ತಿಗೆ ಸಾಕಾಗಿತ್ತು. ಡಬ್ಬಿ ಹಿಡಿದು ಒಳಗೆ ಬಂದಳು.

"ತಿಪ್ಪೆಗೆ ಸುರಿ," ಎಂದರು ಅತ್ತೆ ದಾಕ್ಷಾಯಣಮ್ಮ. "ಆ ಕರಾನೂ ಯಾರಿಗಾದ್ರೂ ಕೊಟ್ಬಿಡಾಣ. ಲ್ಯಾಬಲ್ಲಿ ಆಗಿದ್ದು, ಅದ್ಕೆ ಹಿಂದಿಲ್ಲ ಮುಂದಿಲ್ಲ. ಮನೇಲಿ ಇಟ್ಕಂಡ್ರೆ ಜನ ಏನಂತಾರೆ?"

ಥೈರಾಯ್ಡ್ ಎಂದು ಹೇಳಿ ಎರಡು ವರ್ಷ ದಾವಣಗೆರೆಗೆ ಬಸ್ಸು ಹತ್ತಿದ್ದು, ಸೂಜಿ ಚುಚ್ಚಿ ಚುಚ್ಚಿ ಹೊಟ್ಟೆ ಕಂದಿದ್ದು, 'ಅಮ್ಮನಿಗೆ ಯಾಕೆ ಹೇಳೋದು, ಬಿಡು' ಎಂದು ಗಂಡ ಕಾಂತರಾಜ್ ಬಾಯಿ ಕಟ್ಟಿಸಿದ್ದು. ಎಲ್ಲವನ್ನೂ ಅವಳು ಆರು ವರ್ಷ ಅದುಮಿಟ್ಟುಕೊಂಡಿದ್ದಳು. ಇನ್ನು ಆಗಲಿಲ್ಲ.

"ನಿಮ್ಮ ಮೊಮ್ಮಗಳೂ ಲ್ಯಾಬಲ್ಲೇ ಆಗಿದ್ದು ಅತ್ತೆ."

ದಾಕ್ಷಾಯಣಮ್ಮ ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಚಿಲಕ ಸಿಕ್ಕಿಸಿದರು.

"ಕಾಂತಂಗೆ ಗೊತ್ತಾ?"

ಸ್ಫೂರ್ತಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. "ಮಗು ಅವರದ್ದೇ ಅತ್ತೆ! ಅವರಿಗೆ ಗೊತ್ತಿಲ್ದೆ ಇರ್ತದಾ?"

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ಸ್ಫೂರ್ತಿ ಕೈಯಲ್ಲಿದ್ದ ಡಬ್ಬಿಯನ್ನು ಉಳಿದ ನಾಲ್ಕರ ಪಕ್ಕ ನೆಲದ ಮೇಲಿಟ್ಟಳು. ಅತ್ತೆ ಅವುಗಳತ್ತ ನೋಡಿ ಮುಖ ತಿರುಗಿಸಿದರು.

ಹೊರಗಿನಿಂದ ಬಾಗಿಲು ಬಡಿದ ಸದ್ದು. "ಅಜ್ಜೀ, ಬಾಗ್ಲು ತೆಗಿ! ಮೀನಾಕ್ಷಜ್ಜಿ ನಂಗೆ ಚಕ್ಕುಲಿ ಕೊಟ್ರು!"

ದಾಕ್ಷಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗು ತೂರುವಷ್ಟೇ ಬಾಗಿಲು ತೆರೆದು, ತೋಳು ಹಿಡಿದು ಒಳಗೆ ಎಳೆದುಕೊಂಡು, ಮತ್ತೆ ಚಿಲಕ ಹಾಕಿದರು.