ನೀಲವ್ವನ ಅಳತೆ

ನನ್ನನ್ನು ಯಾರೂ ಮಾಡಲಿಲ್ಲ, ಸೀಳಿದರು. ಕಡಪದ ಕಡೆಯ ಒಂದು ಗಣಿಯಲ್ಲಿ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಒತ್ತಿಕೊಂಡು ಮಲಗಿದ್ದ ಕರಿಯ ಪದರುಗಳಲ್ಲಿ ನಾನೂ ಒಂದು ಪದರು. ಉಳಿ ಬಿದ್ದ ದಿನ ಮೇಲಿನವರಿಂದಲೂ ಕೆಳಗಿನವರಿಂದಲೂ ಬೇರೆಯಾದೆ. ಆಮೇಲೆ ಲಾರಿ, ಹುಲ್ಲಿನ ಹಾಸು, ಗದಗಿನ ಒಂದು ಕಲ್ಲಿನಂಗಡಿಯ ಗೋಡೆ. ಅಲ್ಲಿ ನನ್ನ ಒಂದು ಮೈಯನ್ನು ತಿಕ್ಕಿ ನುಣುಪು ಮಾಡಿದರು. ಅಂದಿನಿಂದ ನನ್ನೊಳಗೆ ಮನುಷ್ಯರ ನೆರಳು ಕಾಣತೊಡಗಿತು.

ಹಾಸುಗಲ್ಲಿಗೆ ಉದ್ದ ಇದೆ, ಅಗಲ ಇದೆ, ದಪ್ಪ ಇದೆ. ಎತ್ತರ ಇಲ್ಲ. ಅದನ್ನು ಕೂಡಿಸುವವರು ಕೊಡಬೇಕು.

ನನಗೆ ಎತ್ತರ ಕೊಟ್ಟವನು ಅಡಿವೆಪ್ಪ ಸಿಂಪಿಗೇರ. ಮನೆಯ ಮುಂದಿನ ಕೋಣೆಯೇ ಅವನ ಹೊಲಿಗೆಯ ಅಂಗಡಿ. ಓಣಿಯಲ್ಲಿ ಹಾದುಹೋಗುವ ಹೆಂಗಸನ್ನು ಒಮ್ಮೆ ನೋಡಿದರೆ ಸಾಕು, ಟೇಪು ಹಿಡಿಯದೆ ಜಂಪರು ಹೊಲಿಯುತ್ತಾನೆ ಎಂಬ ಹೆಸರು ಅವನಿಗೆ. ಆದರೂ ಟೇಪು ಮಾತ್ರ ಸದಾ ಕೊರಳಲ್ಲಿ. ಮನೆಗೆ ಹೊಸದಾಗಿ ಗ್ಯಾಸ್ ಬಂದಿತ್ತು. ಅದುವರೆಗೆ ನೆಲದ ಒಲೆಯ ಮುಂದೆ ಕೂತು ಬೇಯಿಸುತ್ತಿದ್ದ ಹೆಂಡತಿ ನೀಲವ್ವ ಇನ್ನು ನಿಂತು ಬೇಯಿಸಬೇಕು. ಅದಕ್ಕೆ ಒಂದು ಕಟ್ಟೆ ಬೇಕಾಗಿತ್ತು.

ಗೌಂಡಿ ಹುಸೇನಸಾಬ ಗೋಡೆಯ ಮೇಲೆ ಗೆರೆ ಎಳೆಯಲು ಹೋದಾಗ ಅಡಿವೆಪ್ಪ ತಡೆದ.

"ಅಷ್ಟು ಮ್ಯಾಲ್ಯಾಕೋ?"

"ಎಲ್ಲಾರ ಮನ್ಯಾಗೂ ಇಷ್ಟ ಇಡ್ತೀವಿ, ಅಡಿವೆಪ್ಪಣ್ಣ."

"ಎಲ್ಲಾರ ಮನ್ಯಾಗ ನೀಲವ್ವ ಅದಾಳೇನು? ಬಾ ಇಲ್ಲೆ ನೀಲಾ, ಹಿಟ್ಟು ನಾದೂ ಹಂಗ ನಿಲ್ಲು."

ನೀಲವ್ವ ಗಿಡ್ಡ ಹೆಂಗಸು. ದೊಡ್ಡವರ ಸೀರೆ ಉಟ್ಟ ಹುಡುಗಿಯಂತೆ ಕಾಣುತ್ತಿದ್ದಳು. ಅಡಿವೆಪ್ಪ ಅವಳ ಮೊಣಕೈ ಮಡಚಿಸಿ, ಅಲ್ಲಿಂದ ನೆಲಕ್ಕೆ ಟೇಪು ಬಿಟ್ಟು, ಲೆಕ್ಕ ಹಾಕಿ, ಸುಣ್ಣದ ಕಡ್ಡಿಯಿಂದ ಗೋಡೆಗೆ ತಾನೇ ಗೆರೆ ಎಳೆದ.

"ಇದು ಜಂಪರ ಅಲ್ಲಣ್ಣ, ಕಟ್ಟಿ," ಗೌಂಡಿ ನಕ್ಕ. "ಒಮ್ಮೆ ಕುಂದರಿಸಿದ್ರ ಮತ್ತ ಬಿಚ್ಚಿ ಹೊಲ್ಯಾಕ ಬರೂದಿಲ್ಲ."

"ಬಿಚ್ಚೂದ್ಯಾಕ? ನೀ ಕುಂದರಿಸು."

ಕಟ್ಟೆ ನೋಡಲು ಓಣಿಯವರು ಬಂದರು. ಪಕ್ಕದ ಮನೆಯ ಫಕ್ಕೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಗುಬ್ಬಿ ಗೂಡಿಗೆ ಕಟ್ಟಿ ಹಾಕ್ಯಾರ ನೋಡವ್ವ" ಎಂದಳು.  ಎಲ್ಲರೂ ಹೋದ ಮೇಲೆ ನೀಲವ್ವ ಎರಡೂ ಅಂಗೈಗಳನ್ನು ನನ್ನ ಮೇಲಿಟ್ಟು ಬಹಳ ಹೊತ್ತು ನಿಂತಳು. ಅಪ್ಪನ ಮನೆಯಲ್ಲಿ ಅಕ್ಕಂದಿರ ಹಳೆಯ ಬಟ್ಟೆ ತೊಟ್ಟು ಬೆಳೆದವಳು. ಅವಳ ಅಳತೆ ಹಿಡಿದು ಯಾರಾದರೂ ಏನಾದರೂ ಕಟ್ಟಿದ್ದು ಬಹುಶಃ ಅದೇ ಮೊದಲು.

ಅವಳ ಮುಖವನ್ನು ನಾನು ಕಂಡದ್ದು ಕಡಿಮೆ. ನಮ್ಮಂಥವರಿಗೆ ಮುಖ ಕಾಣುವುದು ಎದುರಿಗಿದ್ದವರು ಬಗ್ಗಿದಾಗ ಮಾತ್ರ. ನೀಲವ್ವ ಬಗ್ಗುವ ಪ್ರಸಂಗವೇ ಇರಲಿಲ್ಲ. ನನಗೆ ಗೊತ್ತಿದ್ದದ್ದು ಅವಳ ಕೈಗಳು, ಹಸಿರು ಬಳೆ, ಮತ್ತು ರೊಟ್ಟಿ ಬಡಿಯುವ ಸಪ್ಪಳ. ಅವಳು ಜೋಳದ ಹಿಟ್ಟನ್ನು ನನ್ನ ಮೇಲೆಯೇ ಬಡಿಯುತ್ತಿದ್ದಳು. ಎರಡು ಭಾರದ ಏಟು, ಒಂದು ಹಗುರ, ನಡುವೆ ರೊಟ್ಟಿ ತಿರುಗಿಸುವ ಸಣ್ಣ ಬಿಡುವು. ಆ ಬಿಡುವಿನಲ್ಲಿ ಮುಂದಿನ ಕೋಣೆಯ ಹೊಲಿಗೆಯ ಮಷೀನು ಕೇಳಿಸುತ್ತಿತ್ತು.

ಮಗಳು ಕಸ್ತೂರಿ ಇನ್ನೂ ತೊದಲುತ್ತಿದ್ದಾಗ ನೀಲವ್ವನಿಗೆ ಕಣ್ಣು ಹಳದಿಯಾಗಿ ಕಾಮಣಿ ಆಯಿತು. ಬೇರು ಅರೆದು ಕುಡಿಸಿದರು, ಆಮೇಲೆ ದವಾಖಾನೆಗೆ ಒಯ್ದರು. ಆ ದಿನವೂ ನೀಲವ್ವ ನನ್ನನ್ನು ಒರೆಸಿ, ಬಟ್ಟೆಯನ್ನು ನಲ್ಲಿಗೆ ಹಾಕಿ ಹೋದಳು. ಆ ಬಟ್ಟೆ ಅಲ್ಲೇ ಒಣಗಿ ಬಿರುಸಾಗಿ ತೊಗಲಿನಂತೆ ಆಯಿತು. ಅವಳು ತಿರುಗಿ ಬರಲಿಲ್ಲ.

ಮರುವರ್ಷ ಅಡಿವೆಪ್ಪನ ಎರಡನೆಯ ಹೆಂಡತಿಯಾಗಿ ದಾಕ್ಷಾಯಣಿ ಬಂದಳು. ನರಗುಂದದ ಕಡೆಯವಳು, ಅಡಿಗೆಮನೆಯ ಬಾಗಿಲಿಗೆ ತಲೆ ತಗ್ಗಿಸಿ ಒಳಬರುವಷ್ಟು ಎತ್ತರದ ಹುಡುಗಿ. ಮೊದಲ ಮುಂಜಾನೆಯೇ ಅವಳು ನನ್ನ ಮುಂದೆ ನಿಂತು, ಕೈ ಚಾಚಿ, ಸಾಲದೆ ಬಗ್ಗಿ, ಮತ್ತೂ ಬಗ್ಗಿದಳು. ಮೂಗಿನ ತುದಿಯ ಬೆವರಿನ ಹನಿ ನನ್ನ ಮೇಲೆ ಬಿತ್ತು. ಒಂದು ಪೂರ್ತಿ ಮುಖ, ಹುಬ್ಬಿನ ಪಕ್ಕದ ಮಚ್ಚೆಯ ಸಮೇತ, ಅಷ್ಟು ಹತ್ತಿರದಿಂದ ನಾನು ಕಂಡದ್ದು ಆಗಲೇ.

"ಈ ಕಟ್ಟಿ ಹುಡುಗುರು ಆಟಾ ಆಡಾಕ ಕಟ್ಟ್ಯಾರೇನ್ರಿ?" ಎಂದು ಅವಳು ನಗುತ್ತ ಕೇಳಿದಳು.

ಬಾಗಿಲಲ್ಲಿದ್ದ ಅಡಿವೆಪ್ಪ ನಗಲಿಲ್ಲ. "ಅದು ನೀಲಾನ ಅಳತಿ" ಎಂದ.

ಅದಾದ ಮೇಲೆ ಅವಳು ಆ ಮಾತು ಎತ್ತಲಿಲ್ಲ. ಒಮ್ಮೆ ಒಲೆಯ ಕೆಳಗೆ ಹಲಗೆಯ ತುಂಡು ಇಟ್ಟುಕೊಂಡಳು. ಸಂಜೆಯ ಹೊತ್ತಿಗೆ ಹಲಗೆ ಹಿತ್ತಿಲಿಗೆ ಹೋಗಿತ್ತು. ಇನ್ನೊಮ್ಮೆ ನೆಲಕ್ಕೆ ಕೂತು ರೊಟ್ಟಿ ಬಡಿಯುತ್ತಿದ್ದಾಗ ಅಡಿವೆಪ್ಪ ಬಂದು, "ಕೆಳಗ್ಯಾಕ ಕುಂತಿ? ಕಟ್ಟಿ ಐತೆಲ್ಲ" ಎಂದ. ಗದರಿದ್ದಲ್ಲ. ಅವನು ಯಾರಿಗೂ ಗದರಿದವನಲ್ಲ. ಆದರೆ ಅವನು ಮೆಲ್ಲಗೆ ಹೇಳಿದ್ದನ್ನು ಮೀರುವುದು ಯಾರಿಗೂ ಆಗುತ್ತಿರಲಿಲ್ಲ.

ಪ್ರತಿ ವರ್ಷ ತೀರಿಹೋದವರಿಗೆ ಎಡೆ ಇಡುವ ಮಹಾನವಮಿ ಅಮಾವಾಸ್ಯೆಗೆ ನೀಲವ್ವನ ಫೋಟೋದ ಮುಂದೆ ಎಡೆ ಹಿಡಿದು, ಹೊಸ ಸೀರೆ ಇಟ್ಟು, ಆ ಸೀರೆಯನ್ನು ದಾಕ್ಷಾಯಣಿಗೆ ಉಡಿಸುತ್ತಿದ್ದರು. ಮನೆಯ ಪದ್ಧತಿ ಅದು. ಅವಳಿಗೂ ಅದರ ಬಗ್ಗೆ ಬೇಸರವಿರಲಿಲ್ಲ. ಸೀರೆ ಯಾರ ಮೈಗಾದರೂ ಒಗ್ಗುತ್ತದೆ. ನಾನು ಕಲ್ಲು.

ಆಮೇಲೆ ಆದದ್ದನ್ನು ನಾನು ಇಂದಿಗೂ ಪೂರ್ತಿ ಅರಿತಿಲ್ಲ. ದಾಕ್ಷಾಯಣಿ ತವರಿನಿಂದ ತಂದ ಬಡಿತ ಬೇರೆ: ಮೂರು ಉದ್ದನೆಯ ಏಟು, ಭುಜದಿಂದ ಇಳಿದು ಬರುವಂಥವು. ನನ್ನ ಎತ್ತರದಲ್ಲಿ ಆ ಏಟು ಬೀಳುವುದಿಲ್ಲ. ಬಗ್ಗಿದ ಮೈಗೆ ತೋಳು ಬೀಸಲು ಜಾಗವಿಲ್ಲ, ಮಣಿಕಟ್ಟಿನಿಂದಷ್ಟೇ ಬಡಿಯಬೇಕು. ತಿಂಗಳುಗಳು ಹೋದಂತೆ ಮೂರನೆಯ ಏಟು ಹಗುರವಾಯಿತು. ನಡುವೆ ನೀಲವ್ವನ ಆ ಸಣ್ಣ ಬಿಡುವು ಬಂತು. ಒಂದು ಮುಂಜಾನೆ ಹಿತ್ತಿಲಿನಲ್ಲಿ ನೀರು ತುಂಬುತ್ತಿದ್ದ ಫಕ್ಕೀರವ್ವ ಕೊಡ ಕೆಳಗಿಟ್ಟು ಕಿಟಕಿಯಲ್ಲಿ ಇಣುಕಿದಳು.

"ನೀ ಏನವ್ವ ತಂಗಿ?"

"ಮತ್ಯಾರ್ ಇರ್ತಾರ, ಫಕ್ಕೀರವ್ವಾಯಿ?"

"ಏನಿಲ್ಲ ಬಿಡು. ಸಪ್ಪಳ ಕೇಳಿ ಎದಿ ಝಲ್ ಅಂತು."

ದಾಕ್ಷಾಯಣಿ ತನ್ನ ಕೈಗಳನ್ನೇ ನೋಡಿಕೊಂಡಳು. ಅಂದಿನಿಂದ ಅವಳು ಕೆಲವೊಮ್ಮೆ ಬಡಿಯುವುದನ್ನು ನಿಲ್ಲಿಸಿ, ಹಿಟ್ಟು ಸರಿಸಿ ನನ್ನ ಕಪ್ಪಿನೊಳಗೆ ನೋಡುತ್ತಿದ್ದಳು. ಅಲ್ಲಿ ಕಾಣುವ ಮುಖ ತನ್ನದೇ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವಂತೆ. ನಾನು ಇದ್ದದ್ದನ್ನೇ ತೋರಿಸಿದೆ. ಆದರೆ ಕರಿಗಲ್ಲಿನಲ್ಲಿ ಎಲ್ಲ ಮುಖಗಳೂ ಸತ್ತವರ ಮುಖಗಳಂತೆಯೇ ಕಾಣುತ್ತವೆ.

ವರ್ಷಗಳು ಹೋದವು. ಕಸ್ತೂರಿ ದಾಕ್ಷಾಯಣಿಯನ್ನು ಚಿಗವ್ವ ಎನ್ನುತ್ತ, ಅವಳ ಸೆರಗು ಹಿಡಿದೇ ಬೆಳೆದು, ಮದುವೆಯಾಗಿ ಹುಬ್ಬಳ್ಳಿಗೆ ಹೋದಳು. ದಾಕ್ಷಾಯಣಿಯ ನಡ ನೋಯತೊಡಗಿ, ಆಮೇಲೆ ನೋವು ಬೆನ್ನಿಗೇರಿತು. ನನ್ನ ಮುಂದೆ ನಿಂತಾಗ ಮಾತ್ರ ಬಗ್ಗುತ್ತಿದ್ದವಳು ಹಿತ್ತಿಲಿನಲ್ಲೂ ಬಗ್ಗಿಯೇ ನಡೆಯುವಂತಾದಳು.

ಒಂದು ಮುಂಜಾನೆ ಅವಳು ಚಹಾ ಕುದಿಸುತ್ತಿದ್ದಳು. ಎದುರಿನ ಗೋಡೆಯ ಮಾಡದಲ್ಲಿ ತಿಕ್ಕಿಟ್ಟ ಸ್ಟೀಲಿನ ಡಬ್ಬಿಗಳು. ಅವುಗಳಲ್ಲೊಂದರಲ್ಲಿ ಅವಳ ಬೆನ್ನ ಹಿಂದಿನ ಬಾಗಿಲು ಕಾಣುತ್ತಿತ್ತು, ಬಾಗಿಲಲ್ಲಿ ನಿಂತ ಅಡಿವೆಪ್ಪನೂ. ಅವನ ಮುಖದಲ್ಲಿ ಅವಳು ಎಂದೂ ಕಾಣದ ಒಂದು ಬೆಳಕಿತ್ತು. ಅವಳು ಅಚ್ಚರಿಯಿಂದ, ತಿರುಗದೆ, ನಡಕ್ಕೆ ಕೈಯಿಟ್ಟು ಆದಷ್ಟು ನೆಟ್ಟಗಾದಳು. ಡಬ್ಬಿಯಲ್ಲಿನ ಬೆಳಕು ಆರಿತು. ಮತ್ತೆ ಬಗ್ಗಿದಳು. ಹೊತ್ತಿಕೊಂಡಿತು. ಚಹಾ ಉಕ್ಕಿ ನನ್ನ ಮೇಲೆ ಹರಿಯಿತು. ಅವಳು ಒರೆಸಲಿಲ್ಲ.

ಆ ವಾರವೇ ಅವಳು ಮಗಳಿಗೆ ಫೋನು ಮಾಡಿಸಿದಳು. ಅಡಿಗೆಮನೆ ಹೊಸದು ಮಾಡಿಸೋಣ ಎಂದು ಕಸ್ತೂರಿ ಎಷ್ಟು ಸಲ ಅಂದಿದ್ದರೂ ಬೇಡ ಎನ್ನುತ್ತಿದ್ದವಳು, ಈಗ ತಾನಾಗಿ ಬಾ ಎಂದಳು. ಕಸ್ತೂರಿ ಮಾಡ್ಯುಲರ್ ಕಿಚನ್ ಮಾಡುವ ಒಬ್ಬ ತರುಣನನ್ನು ಕರೆದುಕೊಂಡೇ ಬಂದಳು. ಅವನು ಗೋಡೆಗೆ ಕೆಂಪು ಬೆಳಕು ಬಿಟ್ಟು ಅಳೆಯುವ ಯಂತ್ರ ತಂದಿದ್ದ. ಚಿಮ್ನಿ ಎಲ್ಲಿ, ಸಿಂಕ್ ಎಲ್ಲಿ, ಪಾತ್ರೆಯ ಡ್ರಾಯರ್ ಎಲ್ಲಿ ಎಂದು ತೋರಿಸಿದ. ಅಡಿವೆಪ್ಪ ಎಲ್ಲದಕ್ಕೂ ತಲೆಯಾಡಿಸಿದ. ಕಟ್ಟೆಯ ಮಾತು ಬಂದಾಗ, "ಅದೊಂದ ಮುಟ್ಟಬ್ಯಾಡ್ರಿ" ಎಂದ.

"ಕಟ್ಟಿ ಬಿಟ್ಟು ಕಿಚನ್ ಮಾಡೂದಂದ್ರ ಕಾಲರ್ ಬಿಟ್ಟು ಅಂಗಿ ಹೊಲದಂಗ್ರಿ ಸರ."

"ಕಾಲರ್ ಇಲ್ಲದ ಅಂಗೀನೂ ಹೊಲದೇನಿ ತಮ್ಮಾ."

"ಅಪ್ಪಾ, ಚಿಗವ್ವನ ಬೆನ್ನು ನೋಡು," ಕಸ್ತೂರಿಯ ದನಿ ಏರಿತು. "ಅದು ನಮ್ಮವ್ವನ ಕಟ್ಟಿ ಅಂತ ನನಗೂ ಗೊತ್ತೈತಿ. ಅವ್ವನ ಮುಖಾನ ನೆನಪಿಲ್ಲ ನನಗ. ಕಟ್ಟಿ ಇಟ್ಕೊಂಡು ಏನ್ ಮಾಡ್ಲಿ?"

ದಾಕ್ಷಾಯಣಿ ಅವಳ ತೋಳು ಮುಟ್ಟಿದಳು. "ಆ ತಮ್ಮಗ ಹೊರಗ ಕುಂದರಿಸಿ ನೀರು ಕೊಡು, ಹೋಗು."

ಇಬ್ಬರೇ ಉಳಿದರು. ಇಬ್ಬರು ಮತ್ತು ನಾನು.

"ದಿನಾ ಮುಂಜಾನೆ ಬಾಗಲದಾಗ ನಿಂದರ್ತೀರಲ್ಲ, ಯಾರನ್ನ ನೋಡ್ತೀರಿ?"

ಅಡಿವೆಪ್ಪ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ನೀ ಬಗ್ಗಿದಾಗ, ಹಿಂದಿನಿಂದ," ಎಂದು ನಿಲ್ಲಿಸಿ, "ಆಕೀನ ನಿಂತಂಗ ಕಾಣತೈತಿ" ಎಂದ.

"ನಾ ನೆಟ್ಟಗ ನಿಂತ್ರ?"

"ಹೋಗಿಬಿಡ್ತಾಳ."

ಅವಳು ಅಳಲಿಲ್ಲ. ಬಟ್ಟೆ ತೆಗೆದುಕೊಂಡು ನನ್ನನ್ನು ಈ ತುದಿಯಿಂದ ಆ ತುದಿಗೆ ಒರೆಸಿದಳು.

"ಇಷ್ಟು ವರ್ಷ ನಾ ಬಗ್ಗಿ ಆಕೀನ ನಿಂದರಿಸೀನ್ರಿ. ನನಗ ಸಾಕಾತು. ಆಕಿಗೂ ಸಾಕಾಗಿರಬೇಕು, ಪಾಪ. ಇನ್ನ ಕಳಸ್ರಿ."

ಅಡಿವೆಪ್ಪ ಕೊರಳಿನಿಂದ ಟೇಪು ತೆಗೆದು ತರುಣನನ್ನು ಒಳಗೆ ಕರೆದ. ಯಂತ್ರ ಬೇಡ, ಅಳತೆ ನಾನೇ ತೆಗೆಯುತ್ತೇನೆ ಎಂದ. ದಾಕ್ಷಾಯಣಿ ನನ್ನ ಪಕ್ಕಕ್ಕೆ ನಿಂತು ಮೊಣಕೈ ಮಡಚಿದಳು.

"ನೆಟ್ಟಗ ನಿಲ್ಲು."

"ನಿಂತೀನಿ."

"ಪೂರಾ ನೆಟ್ಟಗ."

"ನಂದು ಇದ ನೆಟ್ಟಗ್ರಿ ಈಗ."

ಮೊಣಕೈಯಿಂದ ಟೇಪು ಇಳಿಬಿತ್ತು. ಅದರ ಹಿತ್ತಾಳೆಯ ತುದಿ ನೆಲ ಮುಟ್ಟಿತು. ಅಡಿವೆಪ್ಪ ಅಂಕಿ ನೋಡಿದ, ಮತ್ತೊಮ್ಮೆ ನೋಡಿದ. ಆ ಅಳತೆಯ ಕಟ್ಟೆಗೆ ನನ್ನನ್ನು ಎರಡು ಬೆರಳು ಮೇಲೆತ್ತಿದರೆ ಸಾಕಾಗಿತ್ತು. ಕತ್ತರಿ ಆಡಿದ ಮೇಲೆ ಬಟ್ಟೆ ಬೆಳೆಯುವುದಿಲ್ಲ ಎಂಬುದನ್ನು ಜೀವಮಾನವೆಲ್ಲ ಗಿರಾಕಿಗಳಿಗೆ ಹೇಳಿದವನು ಅವನು.  

"ಎಷ್ಟು ಬರಕೊಳ್ಳಲಿ ಸರ?"

ಅಡಿವೆಪ್ಪ ಒಂದು ಅಳತೆ ಹೇಳಿದ. ಅದು ಟೇಪಿನ ಮೇಲಿದ್ದ ಅಳತೆಯಾಗಿರಲಿಲ್ಲ.

ನನ್ನನ್ನು ಎಬ್ಬಿಸಲು ಒಂದು ಇಡೀ ದಿನ ಹಿಡಿಯಿತು. ಒಂದು ಮೂಲೆ ಒಡೆಯಿತು. ನನ್ನ ಕೆಳಗಿನ ಇಟ್ಟಿಗೆಗಳ ನಡುವೆ ಏನಾದರೂ ಸಿಗುತ್ತದೆ ಎನ್ನುವಂತೆ ಅಡಿವೆಪ್ಪ ಬಂದು ಬಗ್ಗಿ ನೋಡಿದ. ಸುಣ್ಣದ ಪುಡಿ, ಜಿರಲೆಯ ಗೂಡು. ಅಷ್ಟೇ. ನಾಲ್ಕು ಜನ ನನ್ನನ್ನು ಹೊತ್ತು ಹಿತ್ತಿಲಿಗೆ ತಂದು, ಕಿಟಕಿಯ ಕೆಳಗೆ ಎರಡು ಸಾಲು ಇಟ್ಟಿಗೆಯ ಮೇಲೆ ಹಾಸಿದರು. ಈಗ ನಾನು ಮೊಣಕಾಲಿನಷ್ಟು ಎತ್ತರ.

ಒಳಗೆ ಹೊಸ ಅಡಿಗೆಮನೆ ಎದ್ದಿತು. ಬಿಳಿ ಟೈಲ್ಸ್, ಸಪ್ಪಳವಿಲ್ಲದೆ ಮುಚ್ಚುವ ಡ್ರಾಯರ್, ಹೊಗೆ ಎಳೆಯುವ ಚಿಮ್ನಿ, ಕಲೆ ಹಿಡಿಯದ ಗ್ರಾನೈಟಿನ ಕಟ್ಟೆ. ಮೊದಲ ಮುಂಜಾನೆ ಕಿಟಕಿಯಿಂದ ದಾಕ್ಷಾಯಣಿಯ ದನಿ ಕೇಳಿಸಿತು.

"ಇದು ಯಾರ ಅಳತಿರಿ? ನನಗ ಎದಿಮಟಾ ಬರಾಕತ್ತೈತಿ."

"ನಿಂದ. ನೀ ಬಂದ ವರ್ಷದ್ದು. ಮದುವಿ ಜಂಪರ ಹೊಲಿಯೂವಾಗ ನೋಡಿದ್ನೆಲ್ಲ."

ಹೊಸ ಕಟ್ಟೆಯ ಅಂಚಿಗೆ ಬಳೆ ತಾಗಿದ ಸಪ್ಪಳ ಕೇಳಿಸಿತು.

"ನಾ ಇಷ್ಟ ಎತ್ತರ ಇದ್ನ್ಯಾ," ಎಂದಳು. ಕೇಳಿದ್ದಲ್ಲ, ಹೇಳಿಕೊಂಡದ್ದು.

ನೀಲವ್ವ ಎಂಬ ಒಬ್ಬ ಹೆಂಗಸು ಇಲ್ಲದ ಅಡಿಗೆಮನೆಯಲ್ಲಿ ನಾನು ಇದ್ದೆ. ಈಗ ಅಲ್ಲಿ ಇನ್ನೊಬ್ಬಳು ಇಲ್ಲ: ಬಾಗಿಲಿಗೆ ತಲೆ ತಗ್ಗಿಸಿ ಬಂದ ನರಗುಂದದ ಹುಡುಗಿ. ಅಡಿವೆಪ್ಪ ಈಗಲೂ ಮುಂಜಾನೆ ಬಾಗಿಲಿಗೆ ಬರುತ್ತಾನೆ. ಹೆಜ್ಜೆ ಬಂದು ನಿಲ್ಲುವುದು ನನಗೆ ಕೇಳಿಸುತ್ತದೆ. ಅವನಿಗೆ ಈಗ ಯಾರು ಕಾಣುತ್ತಾರೋ, ಯಾರೂ ಕಾಣುವುದಿಲ್ಲವೋ, ನಾನು ಹೇಳಲಾರೆ.

ರೊಟ್ಟಿಯ ಸಪ್ಪಳ ಮಾತ್ರ ಬೇರೆಯಾಗಿದೆ. ಒಂದು ಏಟು ತಪ್ಪುತ್ತದೆ, ನಿಲ್ಲುತ್ತದೆ, ಬೈಗುಳ ಒಂದು ಕೇಳಿಸುತ್ತದೆ, ಮತ್ತೆ ಶುರುವಾಗುತ್ತದೆ. ನೀಲವ್ವನದಲ್ಲ. ತವರಿನದೂ ಅಲ್ಲ. ಮೊನ್ನೆ ಫಕ್ಕೀರವ್ವ ಕಿವಿ ಕೊಟ್ಟು ಕೇಳಿ, "ಇದ್ಯಾರದವ್ವ ಹೊಸಾ ಕೈ?" ಎಂದಳು.

ಊಟದ ಪಾತ್ರೆ ತೊಳೆದ ಮೇಲೆ, ಮಧ್ಯಾಹ್ನ, ದಾಕ್ಷಾಯಣಿ ಹಿತ್ತಿಲಿಗೆ ಬರುತ್ತಾಳೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿ ಎಂದು ಡಾಕ್ಟರು ಹೇಳಿದ್ದಾರಂತೆ. ಅವಳು ಅಂಗಾತ ಮಲಗುವುದು ನನ್ನ ಮೇಲೆ. ಮೊದಲ ದಿನಗಳಲ್ಲಿ ಬೆನ್ನು ಬಾಗಿದ್ದರಿಂದ ತಲೆ ನನಗೆ ತಾಗುತ್ತಲೇ ಇರಲಿಲ್ಲ, ಹಳೆಯ ಸೀರೆ ಮಡಚಿ ಕೆಳಗಿಟ್ಟುಕೊಳ್ಳುತ್ತಿದ್ದಳು. ಈಗ ಸೀರೆ ಬೇಡವಾಗಿದೆ. ಬಿಸಿಲಿಗೆ ಕಾದ ನನ್ನ ಮೇಲೆ ಅವಳ ಬೆನ್ನಿನ ಎಲುಬುಗಳು ಒಂದೊಂದಾಗಿ ಇಳಿಯುತ್ತವೆ. ಮುಖ ಮೇಲಕ್ಕೆ, ಆಕಾಶದ ಕಡೆಗೆ. ನನಗೆ ಕಾಣುವುದಿಲ್ಲ. ಕಾಣಬೇಕೆಂದೂ ಇಲ್ಲ.

ಅವಳು ಕಾಲು ಚಾಚುತ್ತಾಳೆ. ನಾನು ಸಾಲುವುದಿಲ್ಲ. ಅವಳ ಹಿಮ್ಮಡಿಗಳು ನನ್ನ ಅಂಚು ದಾಟಿ ಆಚೆ ಗಾಳಿಯಲ್ಲಿರುತ್ತವೆ.