ಮೂರು ಉಸಿರಿನ ಬಿಡುವು

ತಲೆ ನರೆತರೂ ಪುಟ್ಟಿಯ ಹೆಸರು ಮಾತ್ರ ಬೆಳೆಯಲಿಲ್ಲ. ಐವತ್ತರ ಹತ್ತಿರ ಬಂದರೂ ಇಡೀ ಬೀದಿಗೆ ಅವಳು ಪುಟ್ಟಿಯೇ. ಅಪ್ಪನ ಪುಸ್ತಕ ಕಟ್ಟುವ ಅಂಗಡಿಯನ್ನು ಈಗ ಅವಳೇ ನೋಡಿಕೊಳ್ಳುತ್ತಿದ್ದಳು. ಚರ್ಚಿನ ಹಾಡಿನ ಪುಸ್ತಕಗಳಿಗೆ ಅವಳು ಹಾಕಿದ ಹೊಲಿಗೆ ಬಿಚ್ಚಿದ್ದೇ ಇಲ್ಲ. ಆದರೆ ಆ ಹಾಡುಗಳಲ್ಲಿ ಒಂದು ಸಾಲನ್ನೂ ಅವಳು ನಲವತ್ತು ವರ್ಷದಿಂದ ಹಾಡಿರಲಿಲ್ಲ. ಹಾಗೆಂದರೆ ಯಾರು ನಂಬುತ್ತಾರೆ? ಪ್ರತಿ ಭಾನುವಾರ ಹಾಡುವವರ ಎರಡನೇ ಸಾಲಿನಲ್ಲಿ ನಿಂತು ತುಟಿ ಆಡಿಸುತ್ತಿದ್ದಳಲ್ಲ.

ಹಾಡಿನ ಗುರು ಅಪ್ಪನೇ. ಆಗಿನ ಶನಿವಾರದ ಸಂಜೆಗಳನ್ನು ನೆನೆದರೆ ಇಂದಿಗೂ ಅವಳ ಮೂಗಿಗೆ ಅಂಟಿನ ವಾಸನೆ ಬರುತ್ತದೆ. ರಟ್ಟಿನ ಚೂರು ಗುಡಿಸಿ ಅಂಗಡಿಯಲ್ಲೇ ಅಭ್ಯಾಸ. ಬಡಗಿ ಮಾವ ತಗ್ಗಿನ ಸ್ವರ ಹಿಡಿದರೆ ಕಿಟಕಿಯ ಗಾಜು ನಡುಗುತ್ತಿತ್ತು. ಅತ್ತೆ ಎರಡನೇ ಹಾಡಿಗೇ ತೂಕಡಿಸುತ್ತಿದ್ದಳು. ಉಸಿರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಅಪ್ಪ ಒಬ್ಬೊಬ್ಬರ ಬೆನ್ನಿಗೂ ಅಂಗೈ ಇಟ್ಟು ನೋಡುತ್ತಿದ್ದ. ಅವನದೊಂದು ಕಟ್ಟಳೆಯಿತ್ತು: ಕೊನೆಯ ಚರಣಕ್ಕೆ ಮುಂಚೆ ಮೂರು ಉಸಿರಿನಷ್ಟು ಮೌನ.

"ಇಷ್ಟೊತ್ತೂ ನಾವೇ ಮಾತಾಡಿದ್ವಿ. ದೇವರಿಗೂ ಸ್ವಲ್ಪ ಜಾಗ ಬಿಡ್ರಪ್ಪ," ಎನ್ನುತ್ತಿದ್ದ.

ಒಂಬತ್ತು ವರ್ಷದ ಪುಟ್ಟಿ ಒಂದು ಭಾನುವಾರ ಚರ್ಚಿನಲ್ಲಿ ಮೂರು ಉಸಿರು ಎಣಿಸಿ ಹಾಡು ಎತ್ತಿದಳು. ಎತ್ತಿದ್ದು ಅವಳೊಬ್ಬಳೇ. ಬೆಂಚುಗಳಲ್ಲಿ ಕಿಸಕ್ಕೆಂದು ನಗು ಹರಡಿತು. ಅಪ್ಪ ಅವಳತ್ತ ತಿರುಗಿ ನೋಡಿದ. ಆ ನೋಟಕ್ಕೆ ಹುಡುಗಿ ಹಾಡನ್ನು ಅಲ್ಲೇ ಬಿಟ್ಟಳು; ಮುಂದೆ ಬರೀ ತುಟಿ ಆಡಿಸಿದಳು. ಅಂದಿನಿಂದ ದೇವರೆಂದರೂ ಅವಳಿಗೆ ಅದೇ ಕಣ್ಣು, ತಪ್ಪು ಹಿಡಿಯಲು ಕಾದು ಕೂತ ಕಣ್ಣು. ಪ್ರಾರ್ಥನೆಗೆ ಮೊಣಕಾಲೂರಿದರೆ ತನ್ನ ತಪ್ಪುಗಳನ್ನೇ ಎಣಿಸುತ್ತಿದ್ದಳು.

ಈಗ ಅಪ್ಪ ಹಾಸಿಗೆ ಹಿಡಿದಿದ್ದ. ಕಿವಿ ಪೂರ್ತಿ ಹೋಗಿತ್ತು. ತುಟಿ ನೋಡಿ ಮಾತು ಹಿಡಿಯುತ್ತಿದ್ದ. ಹೆಚ್ಚೆಂದರೆ ಹತ್ತು ದಿನ ಎಂದು ಡಾಕ್ಟರು ಹೇಳಿಹೋಗಿದ್ದರು.

"ಪುಟ್ಟಿ, ಒಂದು ಹಾಡು ಹಾಡೇ," ಎಂದ ಒಂದು ಮಧ್ಯಾಹ್ನ. "ಕೋಣನ ಮುಂದೆ ಕಿನ್ನರಿ ಅನ್ಕೊಂಡಾದ್ರೂ ಹಾಡು."

ಕಿವಿ ಕೇಳದವನಿಗೆ ತುಟಿ ಸಾಕು ಎಂದುಕೊಂಡು ಅವಳು ಮಂಚದ ಅಂಚಿನಲ್ಲಿ ಕೂತು ತುಟಿ ಆಡಿಸತೊಡಗಿದಳು. ಅಪ್ಪನ ಅಂಗೈ ಮೆಲ್ಲಗೆ ಅವಳ ಬೆನ್ನಿಗೆ ಬಂತು.

"ಬೆನ್ನು ಸುಮ್ನಿದೆಯಲ್ಲೇ."

ಪುಟ್ಟಿಯ ತುಟಿ ನಿಂತಿತು.

"ನೀನು ಹಾಡಲ್ಲ ಅಂತ ನಂಗೆ ಯಾವಾಗ್ಲೋ ಗೊತ್ತು. ಅವತ್ತು ತಪ್ಪಿದ್ದು ನಾನು, ಮಗಳೇ. ಏನೋ ಯೋಚನೇಲಿ ಮೂರು ಉಸಿರು ದಾಟಿಹೋಯ್ತು, ಕೈ ಎತ್ತೋದು ಮರೆತೆ. ಎಲ್ರೂ ನನ್ನ ಕೈ ಕಾಯ್ತಿದ್ರು. ನೀನು ಸರಿಯಾಗೇ ಎತ್ತಿದ್ದೆ. ಗುರು ಅನ್ನಿಸ್ಕೊಂಡವನಿಗೆ ಅದನ್ನ ಒಪ್ಕೊಳ್ಳೋಕೆ ನಾಚಿಕೆ ಆಯ್ತು. ಆಮೇಲಾಮೇಲೆ ನಿಂಗೆ ಹೇಳೋಕೇ ಭಯ ಆಯ್ತು."

ಪುಟ್ಟಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಅಷ್ಟು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪಾ?"

ಅವಳ ತುಟಿಯನ್ನೇ ನೋಡುತ್ತಿದ್ದ ಅಪ್ಪ, "ಏನೂ ಹೋಗ್ತಿರಲಿಲ್ಲ," ಎಂದ. ಅವನ ಕಣ್ಣಲ್ಲಿ ಅಂದಿನ ಅದೇ ನೋಟವಿತ್ತು. ಇಷ್ಟು ಹತ್ತಿರದಿಂದ ಕಂಡಾಗಲೇ ಅವಳಿಗೆ ಅದು ಕೋಪವಲ್ಲ, ತಪ್ಪು ಬಯಲಾದೀತೆಂಬ ಹೆದರಿಕೆ ಎಂದು ತಿಳಿದದ್ದು. ಹೆದರಿದ ಒಬ್ಬ ಮನುಷ್ಯನ ಕಣ್ಣನ್ನು ದೇವರ ಮುಖಕ್ಕೆ ಅಂಟಿಸಿಕೊಂಡು ನಲವತ್ತು ವರ್ಷ ನಡುಗಿದ್ದಳು.

ಸಿಟ್ಟಿನಲ್ಲೇ ಅವಳು ಹಾಡು ಎತ್ತಿದಳು. ಮೊದಲ ಸಾಲು ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟಿತು. ಎರಡನೆಯದು ಶ್ರುತಿ ಬಿಟ್ಟು ಎಲ್ಲೋ ಹೋಯಿತು. ಎದುರು ಮನೆಯ ಕಿಟಕಿ ತೆರೆದುಕೊಂಡಿತು, ಅವಳು ನಿಲ್ಲಿಸಲಿಲ್ಲ. ಸಿಟ್ಟು ಯಾವ ಸಾಲಿನಲ್ಲಿ ಕರಗಿತೋ ತಿಳಿಯಲಿಲ್ಲ. ಎದುರು ಕೂತು ನೋಡುವ ದೇವರು ಎದುರಿನಲ್ಲಿ ಇರಲೇ ಇಲ್ಲ. ಅವಳ ಉಸಿರಿನಲ್ಲೇ ಇದ್ದ, ಆ ಒಡಕು ದನಿಯಲ್ಲೇ ಹಾಡುತ್ತಿದ್ದ. ಅದರಲ್ಲಿ ತನ್ನದೆಷ್ಟು, ಅವನದೆಷ್ಟು ಎಂದು ಬೇರೆ ಮಾಡಲು ಅವಳಿಗೆ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಇನ್ನೂ ಜೋರಾಗಿ," ಎಂದ ಅಪ್ಪ, ಕಣ್ಣು ಮುಚ್ಚಿಕೊಂಡು, ಅಂಗೈಯನ್ನು ಅವಳ ಬೆನ್ನಿನ ಮೇಲೆಯೇ ಇಟ್ಟು.

ಅವಳು ಇನ್ನೂ ಜೋರಾಗಿ ಹಾಡಿದಳು.