ಅರ್ಚನಾ ಕೊಟ್ಟ ಮೂರು ಕಾರಣ

ಒಂದಾನೊಂದು ಕಾಲದಲ್ಲಿ, ಎಂದರೆ ತೀರ ಹಿಂದೇನಲ್ಲ, ಹೋದ ವರ್ಷದ ಕಾಫಿ ಕುಯ್ಲಿನ ಹೊತ್ತಿಗೆ, ಬಾಳೂರಿನ ಆಚೆಯ ಗುಡ್ಡದಲ್ಲಿ ಒಬ್ಬ ರಾಜನಿದ್ದ. ಅವನಿಗೆ ಇನ್ನೂರು ಎಕರೆ ತೋಟವಿತ್ತು, ಎರಡು ಜೀಪಿದ್ದವು, ತೋಟದ ಲೆಕ್ಕ ಬರೆಯುವ, ಮಾತು ಮುಗಿಯುವ ಮೊದಲೇ ಹೂಂಗುಟ್ಟುವ ಒಬ್ಬ ರೈಟರ್ ಇದ್ದ. ತೋಟದ ಕೆಳಗಿನ ಅಂಚಿನಲ್ಲಿ, ಹಳ್ಳದ ಪಕ್ಕ, ಆಳುಗಳಿಗೆಂದು ಸಾಲಾಗಿ ಕಟ್ಟಿದ ಹನ್ನೊಂದು ಮನೆಗಳ ಲೈನೂ ಇತ್ತು. ರಾಜನ ಹೆಸರು ಶಶಿಧರ್; ಎಲ್ಲರ ಬಾಯಲ್ಲೂ ಸಾವ್ಕಾರ್ರು. ಲೈನಿನ ಏಳನೇ ಮನೆಯಲ್ಲಿ ಅಣ್ಣಮ್ಮ, ಅವಳ ಮಗಳು ಅರ್ಚನಾ. ಹುಡುಗಿ ಓದುತ್ತಿದ್ದದ್ದು ಏಳನೇ ಕ್ಲಾಸು. ಕಥೆಗಳಲ್ಲಾದರೆ ಇಂಥ ಹುಡುಗಿ ಬಾಯಿ ತೆರೆದಾಗ ಮುತ್ತು ಉದುರುತ್ತವೆ. ಇವಳಿಗೆ ಸಿಕ್ಕಿದ್ದು ಬರೀ ಮಾತು, ಮತ್ತು ಅದನ್ನು ಸಾಣೆ ಹಿಡಿದು ಕೊಟ್ಟ ಒಬ್ಬ ಟೀಚರು.

ರೂಪಶ್ರೀ ಟೀಚರ್ ವಾದ ಮಾಡುವುದನ್ನು ಬೆರಳಿನ ಮೇಲೆ ಕಲಿಸುತ್ತಿದ್ದರು.

"ಹೆಬ್ಬೆರಳು, ನಿಮ್ಮ ನಿಲುವು. ತೋರುಬೆರಳು, ಕಾರಣ. ನಡುಬೆರಳು, ಪುರಾವೆ. ಉಂಗುರದ ಬೆರಳು, ಎದುರಿನವರ ಮಾತಿಗೆ ಉತ್ತರ."

"ಕಿರುಬೆರಳು ಎಂತಕ್ಕೆ ಮಿಸ್?" ಎಂದ ಲಿಖಿತ್. ಮೂರು ಎಕರೆ ಕಾಫಿಯವರ ಮಗ, ಮೂರು ಸಲ ಹೇಳಿದರೂ ತಲೆಗೆ ಹೋಗದ ಹುಡುಗ.

"ಸೋತ ಮೇಲೆ ಟೂ ಬಿಡಕ್ಕೆ. ನಿಂಗೆ ಅದೊಂದು ಬೆರಳು ಸಾಕು, ಕೂತ್ಕೋ."

ಕ್ಲಾಸೆಲ್ಲ ನಕ್ಕಿತು. ಅರ್ಚನಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ವ್ಯಾಕರಣವನ್ನೂ ಅವರು ಅಷ್ಟೇ ಹರಿತವಾಗಿ ಕಲಿಸಿದರು. "ನಾನು ಗಾಜು ಒಡೆದೆ ಅಂದ್ರೆ ಬೈಸ್ಕೊಳ್ತೀರಿ. ಗಾಜು ಒಡೆಯಲ್ಪಟ್ಟಿತು ಅಂದ್ರೆ ಯಾರನ್ನ ಬೈಯೋದು? ಕರ್ಮಣಿ ಪ್ರಯೋಗ ಇರೋದೇ ಅದಕ್ಕೆ. ದೊಡ್ಡವರ ಪತ್ರ ಓದಿ ನೋಡಿ, ಗೊತ್ತಾಗತ್ತೆ."

ಡಿಸೆಂಬರಿನಲ್ಲಿ ಚರ್ಚಾಸ್ಪರ್ಧೆ ಗೊತ್ತಾಯಿತು. ಶಾಲೆಗೆ ಸ್ಮಾರ್ಟ್ ಬೋರ್ಡು ಕೊಡಿಸಿದ್ದ ಶಶಿಧರ್ ಅವರೇ ಮುಖ್ಯ ಅತಿಥಿ. ವಿಷಯವೂ ಅವರೇ ಕೊಟ್ಟದ್ದು. ತೋಟದ ಹಳೆಯ ಲೈನ್ ಮನೆಗಳನ್ನು ತೆಗೆದು ಹೋಮ್‌ಸ್ಟೇ ಕಟ್ಟುವುದು ಸರಿಯೇ, ತಪ್ಪೇ? ಹದಿನೈದು ದಿನದ ಕೆಳಗೆ ಯಾರೋ ಇಬ್ಬರು ಬಂದು ಲೈನಿನ ಉದ್ದಗಲ ಟೇಪು ಹಿಡಿದು ಅಳೆದು, ಆಳುಗಳನ್ನು ಪೇಟೆ ಹತ್ತಿರ ಸಾಗಿಸುತ್ತಾರಂತೆ ಎಂಬ ಸುದ್ದಿ ಬಿಟ್ಟು ಹೋಗಿದ್ದರು. ಅವತ್ತಿನಿಂದ ಲೈನಿನಲ್ಲಿ ಯಾರಿಗೂ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

"ನಾವು ಹೋಗಿ ಹೇಳಿದ್ರೆ ಗಲಾಟೆ ಅಂತಾರೆ. ನೀನು ಹೇಳಿದ್ರೆ ಭಾಷಣ ಅಂತಾರೆ," ಎಂದಳು ಅಣ್ಣಮ್ಮ. "ಸಾವ್ಕಾರ್ರು ಎದುರಿಗೇ ಕೂತಿರ್ತಾರೆ. ಎದ್ದು ಹೋಗಕ್ಕಾಗಲ್ಲ. ಹೇಳಿಬಿಡು."

ಸಂಜೆ ಹನ್ನೊಂದು ಮನೆಯವರೂ ಜಗಲಿಗೆ ಬಂದು ಕೂತು, ಮನೆಗೊಂದರಂತೆ ಹನ್ನೊಂದು ಮಾತು ಹೇಳಿದರು. ಅರ್ಚನಾ ಬರೆದುಕೊಂಡಳು. ಅಣ್ಣಮ್ಮನ ಮಾತು ಎಲ್ಲಕ್ಕಿಂತ ಗಟ್ಟಿಯಾಗಿತ್ತು: ಮಳೆಗೆ ರಸ್ತೆ ಜರಿದ ವರ್ಷ ಹದಿನೇಳು ದಿನ ಹೊರಗಿನಿಂದ ಒಂದು ನರಪಿಳ್ಳೆ ಬರಲಿಲ್ಲ, ಬಿದ್ದ ಮರ ಕಡಿದು, ಹಳ್ಳದ ನೀರು ತಿರುಗಿಸಿ ತೋಟ ಉಳಿಸಿದವರು ಈ ಲೈನಿನವರು. ಆಳುಗಳನ್ನು ದೂರ ಇಟ್ಟು ಜೀಪಿನಲ್ಲಿ ತರಿಸಿಕೊಂಡರೆ, ಅಂಥ ಮಳೆ ಬಂದಾಗ ಯಾರು ಬರುತ್ತಾರೆ?

"ಅಷ್ಟೂ ಹೇಳ್ತೀಯಾ?"

"ಹನ್ನೊಂದೂ ಹೇಳ್ತೀನಿ," ಎಂದು ಅರ್ಚನಾ ಅಮ್ಮನ ಅಂಗೈ ಮೇಲೆ ಕೈಯಿಟ್ಟಳು.

ಮಾರನೇ ದಿನ ಪಕ್ಷ ಆರಿಸುವುದಿತ್ತು. ಆ ಶಾಲೆಯಲ್ಲಿ ಅದಕ್ಕೆ ಚೀಟಿ ಎತ್ತುವುದಿಲ್ಲ. ಬಟ್ಟೆಚೀಲದೊಳಗೆ ಕಾಫಿ ಕಾಯಿ, ಹಣ್ಣು ಎರಡೂ ಹಾಕಿರುತ್ತಾರೆ. ಹಣ್ಣು ಬಂದರೆ ಪರ, ಕಾಯಿ ಬಂದರೆ ವಿರೋಧ. ಅರ್ಚನಾ ಚೀಲದೊಳಗೆ ಕೈ ಇಳಿಸಿದಳು. ಕಾಯಿ ಗಟ್ಟಿ, ಹಣ್ಣು ಮೆತ್ತಗೆ. ಕಣ್ಣು ಮುಚ್ಚಿದರೂ ಅವಳಿಗೆ ತಿಳಿಯುತ್ತದೆ. ಬೇಕಾದದ್ದು ಕಾಯಿ. ಆದರೆ ಆರನೇ ವಯಸ್ಸಿನಿಂದ ರಜೆಯಲ್ಲೆಲ್ಲ ಅಮ್ಮನ ಜೊತೆ ಗಿಡದ ಬುಡದಲ್ಲಿ ನಿಂತ ಬೆರಳುಗಳವು. ಕಾಯಿ ಮುಟ್ಟಿದಾಗಲೆಲ್ಲ ಅಮ್ಮ ಗೆಣ್ಣಿನ ಮೇಲೆ ಹೊಡೆದು ಕಲಿಸಿದ ಬೆರಳುಗಳು. ಅವು ಕಾಯಿಯನ್ನು ಬಿಟ್ಟವು, ಮೆತ್ತಗಿನದನ್ನು ಹಿಡಿದವು. ಕೈ ಹೊರಗೆ ಬಂದಾಗ ಅಂಗೈಯಲ್ಲಿ ಕೆಂಪು ಹಣ್ಣಿತ್ತು.

"ಮಿಸ್, ಬದಲಾಯಿಸಿ ಕೊಡಿ. ನಮ್ಮ ಮನೆ ಇರೋದು ಆ ಲೈನಲ್ಲೇ."

"ಅದಕ್ಕೇ ಬದಲಾಯ್ಸಲ್ಲ," ಎಂದರು ಟೀಚರ್. "ನಿನ್ನ ಮನೆ ಉಳಿಸಿ ಅಂತ ನೀನೇ ಹೇಳಿದ್ರೆ ಅದು ಅಳು, ವಾದ ಅಲ್ಲ. ನಿಂಗೆ ಒಗ್ಗದ ಕಡೆ ನಿಂತು ಗೆಲ್ಲು, ತಾಲೂಕಿಗೆ ಕಳಿಸ್ತೀನಿ."

ಹಸಿರು ಕಾಯಿ ಸಿಕ್ಕಿದ್ದು ಲಿಖಿತ್‌ಗೆ. ಬಿಸಿಯೂಟದ ಸಾಲಿನಲ್ಲಿ ಅವನು ಹಿಂದಿನಿಂದ ಜಡೆ ಎಳೆದ.

"ಪಾಯಿಂಟ್ ಕೊಡೇ ಮಾರಾಯ್ತಿ. ನಿಮ್ಮನೆ ಉಳಿಯೋದು ನಿಂಗೂ ಬೇಕಲ್ಲ."

ಅರ್ಚನಾ ಎರಡು ಕೊಟ್ಟಳು. ಅಮ್ಮನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಕೊಟ್ಟರೆ ತಾನು ಸೋಲುವುದು ಖಂಡಿತ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಉತ್ತರ ಹುಡುಕಿ ಹುಡುಕಿ ಸಾಕಾಗಿತ್ತು. "ಇಷ್ಟೇ ಇರೋದು," ಎಂದು ತಟ್ಟೆ ಮುಂದೆ ಹಿಡಿದಳು.

ಸ್ಪರ್ಧೆಯ ದಿನ ಲೈನಿನವರೆಲ್ಲ ಕುಯ್ಲಿನಲ್ಲಿದ್ದರು, ಯಾರೂ ಬರಲಿಲ್ಲ. ಲಿಖಿತ್ ಒಂದು ಪಾಯಿಂಟ್ ಹೇಳಿ ಎರಡನೆಯದನ್ನು ಮರೆತು ಛಾವಣಿ ನೋಡುತ್ತ ನಿಂತ. ಆಮೇಲೆ ಅರ್ಚನಾ ಎದ್ದಳು. ಗೋಡೆಗಳು ವಾಲಿವೆ, ಮಳೆಗಾಲದಲ್ಲಿ ಮಲಗಿದ ಮಕ್ಕಳ ಮೇಲೆ ಕುಸಿದರೆ ಹೊಣೆ ಯಾರು? ಪೇಟೆ ಹತ್ತಿರ ಹೋದರೆ ಶಾಲೆ, ಆಸ್ಪತ್ರೆ ಕಾಲ್ನಡಿಗೆಯ ದೂರ. ಹೋಮ್‌ಸ್ಟೇ ಬಂದರೆ ಹೆಂಗಸರಿಗೆ ಬಿಸಿಲು, ಜಿಗಣೆ ಇಲ್ಲದ ಕೆಲಸ. ಮೂರು ಕಾರಣ, ಮೂರು ಪುರಾವೆ. ಪುರಾವೆಗೆ ಅವಳು ತನ್ನ ಮನೆಯ ಗೋಡೆಯನ್ನೇ ಕೊಟ್ಟಳು. "ಅದರ ಬಿರುಕಿನಲ್ಲಿ ನನ್ನ ಕೈ ಹಿಡಿಸುತ್ತದೆ," ಎಂದು ಕೈಯೆತ್ತಿ ತೋರಿಸಿದಳು. ಅಷ್ಟು ಜನ ತನ್ನ ಬಾಯನ್ನೇ ನೋಡುವ ಸುಖ ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಶಶಿಧರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಹುಮಾನದ ಸ್ಟೀಲ್ ಡಬ್ಬಿ ಕೊಡುತ್ತ, ಪಕ್ಕದಲ್ಲಿದ್ದ ರೈಟರ್ ರೇಣುಕಪ್ರಸಾದನಿಗೆ, "ಬರ್ಕೊಂಡ್ಯಾ?" ಎಂದರು. ಅವನು ಬರೆದುಕೊಂಡಿದ್ದ.

"ಹೇಳ್ದ್ಯಾ?" ಎಂದು ಕೇಳಿದಳು ಸಂಜೆ ಅಣ್ಣಮ್ಮ.

"ಹೇಳ್ದೆ."

"ಎಂತ ಅಂದ್ರು?"

"ಚೆನ್ನಾಗಿ ಹೇಳ್ದೆ ಅಂದ್ರು."

ಅವತ್ತು ಲೈನಿನಲ್ಲಿ ಕಡುಬು ಬೆಂದವು. ಮೊದಲ ಕಡುಬು ಅರ್ಚನಾಗೆ. ಅವಳು ತಿಂದಳು.

ಜನವರಿ ಕೊನೆಗೆ ರೇಣುಕಪ್ರಸಾದ ಬಂದು ಮೊದಲ ಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದ. ಲೈನಿನಲ್ಲಿ ಸರಾಗವಾಗಿ ಓದಬಲ್ಲವಳು ಒಬ್ಬಳೇ. ಎಲ್ಲರೂ ಸುತ್ತ ನಿಂತರು, ಅವಳು ಓದಿದಳು. ಗೋಡೆಗಳು ವಾಲಿರುವುದರಿಂದ, ಮಲಗಿದ ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ. ಶಾಲೆ, ಆಸ್ಪತ್ರೆಗಳು ಕಾಲ್ನಡಿಗೆಯ ದೂರದಲ್ಲಿರಬೇಕಾದ ಕಾರಣ. ಮಹಿಳೆಯರಿಗೆ ಉತ್ತಮ ಕೆಲಸ ಒದಗಿಸುವ ಉದ್ದೇಶದಿಂದ. ಮಾರ್ಚ್ ಹತ್ತರೊಳಗೆ ಮನೆಗಳನ್ನು ತೆರವುಗೊಳಿಸಲಾಗುವುದು. ನಡುವೆ ಒಂದು ಕಡೆ ಅವಳು ದನಿ ತಗ್ಗಿಸಿದಳು. "ಜೋರಾಗಿ ಓದೇ," ಎಂದರು ಹಿಂದಿದ್ದವರು. ಜೋರಾಗಿ ಓದಿದಳು.

"ಯಾರಂತೆ ತೆರವು ಮಾಡೋದು?" ಎಂದು ಎರಡನೇ ಮನೆಯ ಮುದುಕಿ ಕೇಳಿತು.

"ಅದನ್ನ ಬರೆದಿಲ್ಲ ಅಜ್ಜಿ."

"ಎಷ್ಟು ನಯವಾಗಿ ಬರೆದಿದಾರೆ ನೋಡು, ಯಾರಪ್ಪಾ ಬರೆದದ್ದು?" ಎಂದಳು ಅಣ್ಣಮ್ಮ.

ರೇಣುಕಪ್ರಸಾದ ಕೈಗಂಟಿದ ಗೋಂದು ಒರೆಸಿಕೊಳ್ಳುತ್ತಿದ್ದ. "ಬರೆದದ್ದು ನಾನು. ಹೇಳಿದ್ದು ನಿನ್ನ ಮಗಳು. ಸ್ಕೂಲಲ್ಲಿ ಕೇಳಿಸ್ಕೊಂಡೋರು ಇನ್ನೂರು ಜನ ಇದ್ರು. ನಾನೂ ಚಪ್ಪಾಳೆ ಹೊಡ್ದೆ."

ಅಣ್ಣಮ್ಮ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮರುದಿನ ಬಹುಮಾನದ ಡಬ್ಬಿಗೇ ಉಪ್ಪಿಟ್ಟು ತುಂಬಿ ಮಗಳ ಕೈಗೆ ಕೊಟ್ಟಳು, ಅದರ ಮರುದಿನವೂ. ಒಂಬತ್ತನೇ ದಿನ ಅರ್ಚನಾ ಟೀಚರ ಮುಂದೆ ಹೋಗಿ ನಿಂತಳು. "ಸ್ಪರ್ಧೆ ಬೇರೆ, ತೋಟ ಬೇರೆ," ಎಂದರು ರೂಪಶ್ರೀ. "ನನ್ನನ್ನ ಅದರೊಳಗೆ ಎಳೀಬೇಡ. ಬೇಕಾದ್ರೆ ಅರ್ಜಿ ಬರ್ಕೊಂಡು ಬಾ, ತಪ್ಪು ತಿದ್ದಿಕೊಡ್ತೀನಿ."

ಮನೆಗೆ ಬಂದಾಗ ಅಣ್ಣಮ್ಮ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಹನ್ನೊಂದೂ ಹೇಳ್ತೀನಿ ಅಂದಿದ್ದೆ. ಹೋಗಿ ಹೇಳಿ ಬಾ."

ಭಾನುವಾರ ಬೆಳಿಗ್ಗೆ ಶಶಿಧರ್ ಕಣದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಣದ ತುಂಬ ಕಾಫಿ ಒಣಗುತ್ತಿತ್ತು. ಲೈನಿನ ಹೆಂಗಸರು ಗೇಟಿನಾಚೆ ನಿಂತರು, ಒಳಗೆ ಬಂದವಳು ಅರ್ಚನಾ ಒಬ್ಬಳೇ.

"ಓ, ನಮ್ಮ ಲಾಯರಮ್ಮ. ಹೇಳು."

ಅವಳು ಹೆಬ್ಬೆರಳು ಹಿಡಿದುಕೊಂಡು ಶುರುಮಾಡಿದಳು. ಮೊದಲ ಮನೆಯವರ ಮಾತು: ಗೋಡೆ ನಾವೇ ರಿಪೇರಿ ಮಾಡಿಕೊಳ್ಳುತ್ತೇವೆ.

"ಬಿರುಕಲ್ಲಿ ಕೈ ಹಿಡಿಸತ್ತೆ ಅಂದೋಳು ನೀನೇ ಅಲ್ವಾ?"

ಮೂರನೇ ಮನೆಯ ಮಾತು: ಮಕ್ಕಳಿಗೆ ಶಾಲೆ ದೂರವೇನಲ್ಲ. ಅದಕ್ಕೂ ಉತ್ತರವನ್ನು ಅವರು ಅವಳ ವಾಕ್ಯದಲ್ಲೇ ಕೊಟ್ಟರು, ಒಂದು ಪದ ಹೆಚ್ಚುಕಮ್ಮಿಯಿಲ್ಲದೆ. ನಾಲ್ಕು, ಐದು, ಆರು. ಅವಳು ಕಟ್ಟಿದ್ದನ್ನು ಅವಳೇ ಕೆಡವಬೇಕಿತ್ತು, ಕಟ್ಟುವಾಗ ಸಂದಿಲ್ಲದಂತೆ ಕಟ್ಟಿದ್ದಳು. ರೇಣುಕಪ್ರಸಾದ ಕಾಫಿ ಹರಡುವ ಕೋಲಿಗೆ ಒರಗಿ ನಗುತ್ತಿದ್ದ.

ಏಳನೆಯದು ಅಮ್ಮನ ಮಾತು. ರಸ್ತೆ ಜರಿದ ವರ್ಷ, ಹದಿನೇಳು ದಿನ, ಬಿದ್ದ ಮರ, ಹಳ್ಳದ ನೀರು. ಅಂಥ ಮಳೆಗೆ ಜೀಪು ಬರುತ್ತದೆಯೇ?

ಶಶಿಧರ್ ಲೋಟ ಕೆಳಗಿಟ್ಟರು. ಹಳ್ಳದ ಕಡೆ ನೋಡಿದರು.

"ಇದನ್ನ ಅವತ್ತು ಆ ಹುಡುಗ ಯಾಕೆ ಹೇಳ್ಲಿಲ್ಲ?"

"ನಾನು ಅವನಿಗೆ ಹೇಳ್ಕೊಡ್ಲಿಲ್ಲ."

"ಯಾಕೆ?"

"ಗೆಲ್ತಿದ್ದ."

ಅವರು ನಕ್ಕರು. ಕೆಟ್ಟ ನಗುವೇನಲ್ಲ. "ಅವತ್ತು ನಾನಿನ್ನೂ ಎರಡು ಮನಸ್ಸಲ್ಲಿದ್ದೆ ಮಾರಾಯ್ತಿ. ಇದು ಕಿವಿಗೆ ಬಿದ್ದಿದ್ರೆ ಬೇಡ ಅಂತಿದ್ನೋ ಏನೋ. ಈಗ ಕಂಟ್ರಾಕ್ಟರ್‌ಗೆ ಸೈನ್ ಹಾಕಿ ಕೊಟ್ಟಾಗಿದೆ, ಮಾರ್ಚ್ ಹತ್ತಕ್ಕೆ ಕೆಡವೋ ಮಿಷನ್ ಬರತ್ತೆ." ಎದ್ದು ಪಂಚೆ ಕೊಡವಿಕೊಂಡರು. "ಚೆನ್ನಾಗಿ ಹೇಳ್ದೆ. ಇದನ್ನೂ ಚೆನ್ನಾಗೇ ಹೇಳ್ದೆ." ಬಾಗಿಲು ದಾಟಿ ಒಳಗೆ ಹೋದರು.

ಗೇಟಿನಾಚೆ ಅಣ್ಣಮ್ಮನ ಮುಖ ಕಾಣಿಸುತ್ತಿತ್ತು. ಅಲ್ಲಿಗೆ ಕೇಳಿಸಿತ್ತೋ ಇಲ್ಲವೋ, ಅರ್ಚನಾ ತಿರುಗಿ ನೋಡಲಿಲ್ಲ. ಖಾಲಿ ಕುರ್ಚಿಯ ಕಡೆ ಮುಖ ಮಾಡಿಯೇ ಎಂಟನೇ ಮನೆಯ ಮಾತು ಹೇಳಿದಳು. ಒಂಬತ್ತನೆಯದು, ಹತ್ತನೆಯದು, ಹನ್ನೊಂದನೆಯದು. ಕೊನೆಗೆ ಉಳಿದದ್ದು ಎರಡನೇ ಮನೆಯ ಮುದುಕಿಯ ಮಾತು. ವಾದದಲ್ಲಿ ಎಲ್ಲೂ ಕೂರದ ಮಾತು ಅದು. ಹಾಗಾಗಿ ಕೊನೆಗೆ ತಳ್ಳಿದ್ದಳು.

"ಒಲೆಯನ್ನ ಕಿತ್ತು ಹೊತ್ಕೊಂಡು ಹೋಗಕ್ಕಾಗಲ್ವಂತೆ," ಎಂದಳು.

"ಆಯ್ತಾ?" ಎಂದ ರೇಣುಕಪ್ರಸಾದ.

"ಆಯ್ತು. ಹನ್ನೊಂದು."